ಚಿಕ್ಕಮಗಳೂರಿನ ಚಳಿ, ಉಡುಪಿಯ ಹೊಗೆ

ನಮ್ಮ ಮನೆಯ ಕಂಪೌಂಡ್ ಗೋಡೆಯಲ್ಲಿ, ಸರಿಯಾಗಿ ಸೈಲೆನ್ಸರ್ ಎತ್ತರಕ್ಕೆ, ಒಂದು ಕಪ್ಪು ಕಲೆ ಉಂಟು. ದೊಡ್ಡಪ್ಪನ 1982ರ ಮರ್ಸಿಡಿಸ್ 280ಇ ಮಾಡಿದ ಕೆಲಸ.

ಮುಂಬಯಿಯಲ್ಲಿ ಹೋಟೆಲ್ ಇಟ್ಟಿದ್ದಾಗ ಅವರು ಕೊಂಡ ಕಾರು. ಆಮೇಲೆ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿತ್ತು. ಹೋದ ವರ್ಷ ಘಾಟಿ ಇಳಿದು ಉಡುಪಿಗೆ, ನನ್ನ ಪಾಲಿಗೆ ಬಂತು. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಅದರಲ್ಲಿ ದೂರಿಲ್ಲ. ಆದರೆ ಕರಿ ಹೊಗೆ, ಪೆಟ್ರೋಲ್ ವಾಸನೆ, ಕಲ್ಸಂಕ ಮುಟ್ಟುವಷ್ಟರಲ್ಲಿ ಎರಡು ಸಲ ಆಫ್. ಹಿಂದಿನಿಂದ ಬಸ್ಸಿನವನ ಹಾರ್ನ್ ಬೇರೆ. ಇಂಜಿನ್ ಬಿಸಿಯಾದ ಮೇಲೆ ತನಗೇನೂ ಗೊತ್ತಿಲ್ಲದ ಹಾಗೆ ಓಡುತ್ತದೆ.

ಮಲ್ಪೆಯ ಬೋಟುಗಳ ಡೀಸೆಲ್ ಪಂಪ್ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ. "ಚಳಿಯೇ ಇಲ್ಲದ ಊರಲ್ಲಿ ಈ ಕೋಲ್ಡ್ ಸ್ಟಾರ್ಟ್ ಎಲ್ಲ ಯಾಕೆ ಅಣ್ಣ?"

"ನಿಮಗೆ 25 ಡಿಗ್ರಿ ಸೆಖೆ ಮಾರಾಯ್ರೆ. ಇಂಜಿನಿಗೆ ಅದೂ ಚಳಿಯೇ."

ಈ ಕಾರಿನಲ್ಲಿರುವುದು ಬಾಷ್‌ನವರು 1973ರಲ್ಲಿ ತಂದ ಕೆ-ಜೆಟ್ರಾನಿಕ್, ಇಂಜಿನಿಗೆ ಪೆಟ್ರೋಲ್ ಅಳೆದು ಕೊಡುವ ವ್ಯವಸ್ಥೆ. ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ. ಒಳಗೆ ಹೋಗುವ ಗಾಳಿ ಒಂದು ತಟ್ಟೆಯನ್ನು ತಳ್ಳುತ್ತದೆ, ತಟ್ಟೆ ಪ್ಲಂಜರ್ ಅನ್ನುವ ಸಣ್ಣ ದಂಡನ್ನು ಎತ್ತುತ್ತದೆ, ಎತ್ತಿದಷ್ಟು ಪೆಟ್ರೋಲ್. ಪ್ಲಂಜರಿನ ತಲೆ ಮೇಲೆ ಪೆಟ್ರೋಲಿನದ್ದೇ ಒತ್ತಡ. ಅದು ಕಡಿಮೆಯಾದರೆ ಪ್ಲಂಜರ್ ಜಾಸ್ತಿ ಏಳುತ್ತದೆ, ಪೆಟ್ರೋಲೂ ಜಾಸ್ತಿ. ಇಂಜಿನ್ ತಣ್ಣಗಿರುವಾಗ ಈ ಒತ್ತಡ ಇಳಿಸಿ, ಬಿಸಿಯಾದ ಹಾಗೆ ಏರಿಸುವುದು ವಾರ್ಮ್ ಅಪ್ ರೆಗ್ಯುಲೇಟರ್ ಕೆಲಸ. ಅದರೊಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ, ಪಟ್ಟಿಯನ್ನು ಕಾಯಿಸಲು ಕರೆಂಟಿನ ಸುರುಳಿ.

ಮೊದಲು ಕೋಲ್ಡ್ ಸ್ಟಾರ್ಟ್ ವಾಲ್ವ್, ಅಂದರೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚಿನ ಪೆಟ್ರೋಲ್ ಚಿಮ್ಮಿಸುವ ವಾಲ್ವ್, ಬಿಚ್ಚಿ ನೋಡಿದೆವು. ಒಂದೆರಡು ಸೆಕೆಂಡ್ ಚಿಮ್ಮಿ ನಿಂತಿತು, ಒಂದು ಹನಿಯೂ ಸೋರಲಿಲ್ಲ. ಕಳ್ಳ ಅದಲ್ಲ.

ಆ ಒತ್ತಡ ಅಳೆಯಲು ಗೇಜ್ ಕಟ್ಟಿದ ದಿನ ತಪ್ಪು ಮಾಡಿದ್ದು ನಾನು. ಅಣ್ಣ ಬರುವ ಮೊದಲೇ, ಸುಮ್ನೆ ಸದ್ದು ಕೇಳೋಣ ಅಂತ ಸ್ಟಾರ್ಟ್ ಮಾಡಿದೆ. ಇಂಜಿನ್ ಬಿಸಿ, ರೆಗ್ಯುಲೇಟರೂ ಬಿಸಿ. ಅಳೆಯಬೇಕಿದ್ದದ್ದು ತಣ್ಣಗಿರುವಾಗ. ಅವರು ಬಂದು ಬಾನೆಟ್ ಮುಟ್ಟಿ ನೋಡಿದರು, ಒಂದೂ ಮಾತಾಡದೆ ಚಹಾ ಕುಡಿದು ಹೋದರು. ಬೈದಿದ್ದರೆ ವಾಸಿ ಇತ್ತು.

ಮರುದಿನ ಆರು ಗಂಟೆಗೆ ರೆಗ್ಯುಲೇಟರಿನ ವಯರ್ ಕಳಚಿ, ಇಂಜಿನ್ ಸ್ಟಾರ್ಟ್ ಮಾಡದೆ, ಪೆಟ್ರೋಲ್ ಪಂಪನ್ನು ಮಾತ್ರ ನೇರ ಓಡಿಸಿದೆವು. ಗೇಜಿನ ಮುಳ್ಳು 0.8ರಲ್ಲಿ ನಿಂತಿತು, ಲೆಕ್ಕ ಚದರ ಸೆಂಟಿಮೀಟರಿಗೆ ಕೆಜಿಯಲ್ಲಿ. "ಒಂದು ಕೆಜಿಯೂ ಇಲ್ವಲ್ಲ! ಎರಡರ ಹತ್ತಿರ ಬೇಕಿತ್ತು" ಅಂದರು. ಟಾರ್ಚ್ ಹಿಡಿದರೆ ರೆಗ್ಯುಲೇಟರಿನಲ್ಲಿ ಆ ಲೋಹದ ಪಟ್ಟಿಯನ್ನು ಹಿಡಿದಿರುವ ಪಿನ್ ಮೇಲೆ ಸುತ್ತಿಗೆಯ ಗುರುತು.

ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಹೌದಾ, ಡಿಸೆಂಬರಲ್ಲಿ ಬೆಳಿಗ್ಗೆ ಸ್ಟಾರ್ಟೇ ಆಗ್ತಿರಲಿಲ್ಲ. ಒಬ್ಬ ಏನೋ ತಟ್ಟಿದ, ಸರಿಯಾಯ್ತು."

ಪಿನ್ ಒಳಗೆ ಹೋದಷ್ಟೂ ಒತ್ತಡ ಇಳಿಯುತ್ತದೆ. ಅಲ್ಲಿನ ಚಳಿಗೆ ಬಡಿದದ್ದು ಘಾಟಿ ಇಳಿದು ನಮ್ಮ ಮನೆಗೆ ಬಂದಿದೆ. ಒಳಕ್ಕೆ ಬಡಿಯಲು ಯಾರಿಗಾದರೂ ಆಗುತ್ತದೆ, ಹೊರಕ್ಕೆ ತರಬೇಕಾದರೆ ರೆಗ್ಯುಲೇಟರ್ ಬಿಚ್ಚಿ ಒಳಗಿನಿಂದ ತಟ್ಟಬೇಕು. ಅಣ್ಣ ಅದನ್ನು ಹಳೆ ಬನಿಯನ್ ಮೇಲಿಟ್ಟು, ಉಸಿರು ಬಿಗಿಹಿಡಿದು ತಟ್ಟಿದರು. ಪುನಃ ಕಟ್ಟಿ ನೋಡಿದರೆ 2.4. ಜಾಸ್ತಿಯಾಯ್ತು. ಕೂದಲೆಳೆಯಷ್ಟು ಒಳಕ್ಕೆ. 1.9. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್, ಅದೇ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಹಾಗಾಗಿ ಇನ್ನೊಂದು ಸಣ್ಣ ಪೆಟ್ಟು. 1.7ಕ್ಕೆ ಬಿಟ್ಟೆವು. ವಯರ್ ಸಿಕ್ಕಿಸಿ ಸ್ಟಾರ್ಟ್ ಮಾಡಿದಾಗ ಮುಳ್ಳು ನಿಧಾನ ಏರಿ 3.6ರಲ್ಲಿ ಕೂತಿತು.

ಮರುದಿನ ಬೆಳಿಗ್ಗೆ ಕಲ್ಸಂಕ, ಆದಿಉಡುಪಿ ದಾಟಿ ಮಲ್ಪೆಯ ತನಕ ಎಲ್ಲೂ ನಿಲ್ಲಲಿಲ್ಲ. ಅಣ್ಣ ದುಡ್ಡು ಕೇಳಲಿಲ್ಲ. "ದೊಡ್ಡಪ್ಪ ಕಾಫಿಪುಡಿ ಕಳಿಸ್ತಾರಾ ನೋಡಿ" ಅಂದರು.

ಮನೆಗೆ ಬಂದರೆ ಅಮ್ಮ ಗೋಡೆ ಎದುರು ನಿಂತಿದ್ದರು. "ಹೊಗೆ ನಿಂತಿತಲ್ಲ, ಇನ್ನು ಸುಣ್ಣ ಯಾವಾಗ?"