ಬರೇ ಬಂದಿದ್ದಕ್ಕ ಬಹುಮಾನನ?

"ಬರೇ ಬಂದಿದ್ದಕ್ಕ ಬಹುಮಾನನ?"

ಅವ್ವ ಇದನ್ನು ಕೇಳಿದ್ದು ಚರ್ಚ್ ಹಾಲ್‌ನಲ್ಲಿ, ಚಪ್ಪಾಳೆ ನಿಂತ ಹೊತ್ತಿಗೆ ಸರಿಯಾಗಿ. ನಮ್ಮ ಧಾರವಾಡದ ಕಡೆ ಮೆಲ್ಲಗೆ ಮಾತಾಡೋದನ್ನು ಯಾರೂ ಕಲಿಸುವುದಿಲ್ಲ. ಪುಣ್ಯಕ್ಕೆ ಅಲ್ಲಿ ಕನ್ನಡ ಬರುವವರು ನಾವಷ್ಟೇ. ಆದರೆ ಧಾಟಿ ಎಲ್ಲರಿಗೂ ಗೊತ್ತಾಗುತ್ತದೆ. ಮುಂದಿನ ಸಾಲಿನ ಒಬ್ಬ ಅಜ್ಜಿ ತಿರುಗಿ ನೋಡಿ ನಕ್ಕರು.

ಕಳೆದ ಶುಕ್ರವಾರ ಇಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಮಗನ ಬಾಯ್ಸ್ ಬ್ರಿಗೇಡ್ ಡಿಸ್‌ಪ್ಲೇ ಇತ್ತು. ಬಾಯ್ಸ್ ಬ್ರಿಗೇಡ್ ಅಂದರೆ ಚರ್ಚಿನ ಹುಡುಗರ ಗುಂಪು, ಸ್ಕೌಟ್ಸ್ ಥರದ್ದು. ವರ್ಷಕ್ಕೊಮ್ಮೆ ವಸಂತದಲ್ಲಿ ನಡೆಯುವ ದೊಡ್ಡ ಕಾರ್ಯಕ್ರಮ. ಹುಡುಗರು ಮಾರ್ಚ್ ಮಾಡುತ್ತಾರೆ, ಕುದುರೆ ಎಂಬ ಆ ಮರದ ಪೆಟ್ಟಿಗೆಯ ಮೇಲಿಂದ ಹಾರುತ್ತಾರೆ, ಒಂದು ಸಣ್ಣ ನಾಟಕ ಮಾಡಿ ಡೈಲಾಗ್ ಮರೆಯುತ್ತಾರೆ. ಕೊನೆಗೆ ಬ್ಯಾಡ್ಜು, ಕಪ್ಪು. ಆಮೇಲೆ ಚಹಾ ಮತ್ತು ಅಂಗಡಿಯಿಂದ ತಂದಿದ್ದು ಅಂತ ಯಾರೂ ಒಪ್ಪಿಕೊಳ್ಳದ ಕೇಕು.

ನನ್ನ ಮಗನಿಗೆ ಒಂಬತ್ತು ವರ್ಷ. ಜೂನಿಯರ್ ಸೆಕ್ಷನ್. ಮಾರ್ಚ್ ಮಾಡುವಾಗ ಅವನ ಎಡಗಾಲು ಬಲಗಾಲಿಗೆ ಇನ್ನೂ ಜಗಳ ಇದೆ. ಕುದುರೆ ಹಾರುವುದರಲ್ಲಿ ಅವನು ಕೆಳಗೆ ಚಾಪೆ ಹಿಡಿಯುವ ಗುಂಪಿನಲ್ಲಿದ್ದ. ಅವನ ಹೆಸರು ಕರೆದಾಗ ನನಗೇ ಆಶ್ಚರ್ಯ ಆಯಿತು. ಇಡೀ ಸೆಷನ್‌ನಲ್ಲಿ ಒಂದು ಶುಕ್ರವಾರವೂ ತಪ್ಪಿಸದೆ ಬಂದವರಿಗೆ ಈ ಕಂಪನಿಯಲ್ಲಿ ಒಂದು ಬಹುಮಾನ ಇದೆ. (ಕಂಪನಿ ಅಂದರೆ ಇಲ್ಲಿ ಒಂದು ಊರಿನ ಅಥವಾ ಚರ್ಚಿನ ಘಟಕ, ಅದನ್ನು ನಡೆಸುವವರು ಕ್ಯಾಪ್ಟನ್. ಅವ್ವ ಮೊದಲ ವಾರ ಮೊಮ್ಮಗ ಕೆಲಸಕ್ಕೆ ಸೇರಿದ ಅಂತ ಗಾಬರಿಯಾಗಿದ್ದಳು.) ಅವನು ಮುಂದೆ ಹೋಗಿ, ಕ್ಯಾಪ್ಟನ್ ಕೈ ಕುಲುಕಿ, ನಮ್ಮ ಕಡೆ ನೋಡದೆ ವಾಪಸ್ ಬಂದು ಸಾಲಿನಲ್ಲಿ ನಿಂತ. ಕಿವಿ ಮಾತ್ರ ಕೆಂಪಾಗಿತ್ತು.

ಚಹಾ ಹೊತ್ತಿನಲ್ಲಿ ಕ್ಯಾಪ್ಟನ್ ನಮ್ಮ ಹತ್ತಿರ ಬಂದರು. ಎಪ್ಪತ್ತು ದಾಟಿದ ಮನುಷ್ಯ, ಬೆನ್ನು ಇನ್ನೂ ನೆಟ್ಟಗೆ. ಅವ್ವ ನನ್ನ ಮೊಣಕೈ ತಿವಿದಳು. "ಏನ್ ಗೆದ್ದಾನಂತ ಕೇಳ ಅವರಿಗೆ." ನಾನು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, ನನಗಲ್ಲ, ಅವ್ವನ ಮುಖ ನೋಡಿಯೇ ಹೇಳಿದರು: "ಏನೂ ಗೆಲ್ಲಲಿಲ್ಲ. ಅವನು ಬಂದ. ಎಲ್ಲ ಶುಕ್ರವಾರ ಬಂದ."

ನಾನು ಕನ್ನಡಕ್ಕೆ ತಿರುಗಿಸಿದೆ. ಅವ್ವ ಮತ್ತೆ ಅದನ್ನೇ ಅಂದಳು. "ಅದನ್ನ ಕೇಳಾಕತ್ತೀನಿ. ಬರೇ ಬಂದಿದ್ದಕ್ಕ?"

ಈ ವಾರವೆಲ್ಲ ವಾರ್ಡಿನಲ್ಲಿ ಬಿಪಿ ನೋಡುತ್ತಾ, ಬಸ್ಸಿನಲ್ಲಿ ನಿಂತು, ಇದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಅವ್ವನದು ದಡ್ಡ ಪ್ರಶ್ನೆ ಅಲ್ಲ. ನಾವು ಬೆಳೆದದ್ದೇ ಹಾಗಲ್ವಾ? ನಮ್ಮಲ್ಲಿ ಬಹುಮಾನ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ತೆಗೆದವರಿಗೆ. ಜೂನ್ ಬಂತೆಂದರೆ ಒಂದೊಂದು ಸಂಘದವರೂ ಪ್ರತಿಭಾ ಪುರಸ್ಕಾರ ಇಡುತ್ತಾರೆ. ವೇದಿಕೆ ಮೇಲೆ ಹತ್ತು ಹದಿನೈದು ಗಣ್ಯರು, ಕೆಳಗೆ ಶಾಲು ಹೊದ್ದು ಬೆವರುವ ಮಕ್ಕಳು. ಎಂಬತ್ತೆಂಟು ತೆಗೆದವನು ಆ ದಿನ ಮನೆಯಲ್ಲೇ ಇರುತ್ತಾನೆ. ಇನ್ನು ಹಾಜರಿ? ಹಾಜರಿ ಅಂದರೆ ನಮಗೆ ಶಾರ್ಟೇಜ್. ಎಪ್ಪತ್ತೈದು ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಅನ್ನುವ ಹೆದರಿಕೆ, ಗೆಳತಿಯ ಕೈಯಲ್ಲಿ ಹೊಡೆಸುವ ಪ್ರಾಕ್ಸಿ. ಬರುವುದು ದಂಡ ತಪ್ಪಿಸಿಕೊಳ್ಳೋಕೆ ಮಾಡುವ ಕೆಲಸ. ಅದನ್ನೇ ಹೊಗಳಿ ಎದೆಗೆ ಚುಚ್ಚಿದರೆ ಅವ್ವನಿಗೆ ವಿಚಿತ್ರ ಅನಿಸದೆ ಇನ್ನೇನು?

ಆದರೆ ಈ ಸಂಸ್ಥೆಯ ಹುಟ್ಟೇ ಹಾಗಿದೆ. ಇದು ಶುರುವಾದದ್ದು ಇಲ್ಲೇ ಗ್ಲ್ಯಾಸ್ಗೋದಲ್ಲಿ, 1883ರ ಅಕ್ಟೋಬರ್ 4ರಂದು, ನಾರ್ತ್ ವುಡ್‌ಸೈಡ್‌ನ ಒಂದು ಮಿಷನ್ ಹಾಲ್‌ನಲ್ಲಿ. ಶುರು ಮಾಡಿದ ವಿಲಿಯಂ ಸ್ಮಿತ್ ಉತ್ತರ ತುದಿಯ ಥರ್ಸೋ ಊರಿನ ಕಡೆಯವರು, ಗ್ಲ್ಯಾಸ್ಗೋಗೆ ಬಂದು ವ್ಯಾಪಾರಕ್ಕೆ ಇಳಿದವರು. ವಾರದ ದಿನಗಳಲ್ಲಿ ವ್ಯಾಪಾರ, ಬಿಡುವಿದ್ದಾಗ ಸ್ವಯಂಸೇವಕ ಸೈನ್ಯ, ಭಾನುವಾರ ಸಂಡೇ ಸ್ಕೂಲ್ ಪಾಠ. ಸಂಡೇ ಸ್ಕೂಲ್ ಹುಡುಗರು ಹೇಳಿದ ಮಾತು ಕೇಳುತ್ತಿರಲಿಲ್ಲ. ಸೈನ್ಯದಲ್ಲಿ ಹೇಳಿದರೆ ಗಂಡಸರೆಲ್ಲ ಕೇಳುತ್ತಾರೆ, ಇಲ್ಲಿ ಯಾಕಿಲ್ಲ ಅಂತ ಅವರಿಗೆ ಅನಿಸಿತು. ಡ್ರಿಲ್ ತಂದರು, ತಲೆಗೆ ಟೋಪಿ, ಸೊಂಟಕ್ಕೆ ಬೆಲ್ಟ್ ತಂದರು. ಎಂಟು ಗಂಟೆಗೆ ಸಾಲು ನಿಲ್ಲಬೇಕು ಅಂದರೆ ಎಂಟಕ್ಕೇ. ಒಂದು ನಿಮಿಷ ತಡವಾದವನನ್ನೂ ಸೇರಿಸುತ್ತಿರಲಿಲ್ಲವಂತೆ. ಇದು ನಮ್ಮ ಕ್ಯಾಪ್ಟನ್ ಪ್ರತಿ ವರ್ಷ ಹೇಳುವ ಕಥೆ. ಹೇಳುವಾಗ ಬಾಗಿಲ ಕಡೆ ನೋಡುತ್ತಾರೆ. ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಅದು.

ಸ್ಕೌಟ್ಸ್ ಗೊತ್ತಿರುವವರಿಗೆ ಇನ್ನೊಂದು ಮಾತು. ಸ್ಕೌಟ್ಸ್ ಹುಟ್ಟುಹಾಕಿದ ಬೇಡನ್ ಪೊವೆಲ್ ಅದಕ್ಕೂ ಮೊದಲೇ ಈ ಬ್ರಿಗೇಡ್‌ನ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದರು. ಅವರ ಗಮನ ಹುಡುಗರ ಕಡೆ ಹೋಗೋಕೆ ಸ್ಮಿತ್ ಜೊತೆ ನಡೆದ ಮಾತುಕತೆಯೂ ಒಂದು ಕಾರಣ. ಆದರೂ ಊರೂರಿಗೆ ಗೊತ್ತಿರುವುದು ಸ್ಕೌಟ್ಸ್. ಕ್ಯಾಪ್ಟನ್‌ಗೆ ಈ ವಿಷಯದಲ್ಲಿ ಸ್ವಲ್ಪ ಹೊಟ್ಟೆಯುರಿ ಇದೆ ಅಂತ ನನ್ನ ಅನುಮಾನ.

ಬ್ರಿಗೇಡ್‌ನ ಲಾಂಛನದ ಲಂಗರ ನೋಡಿದ ಕೂಡಲೇ ಅವ್ವನಿಗೆ ಗುರುತು ಸಿಕ್ಕಿತ್ತು. ಬೈಬಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯ, ಹತ್ತೊಂಬತ್ತನೇ ವಚನ, ನಿರೀಕ್ಷೆ ಆತ್ಮಕ್ಕೆ ಲಂಗರ ಇದ್ದ ಹಾಗೆ ಅನ್ನುವುದು. ಬಾಯಿಪಾಠ ಒಪ್ಪಿಸಿಬಿಟ್ಟಳು. ಬಾಸೆಲ್ ಮಿಷನ್‌ನವರು ಕಟ್ಟಿದ ಚರ್ಚಿನ ಸಂಡೇ ಸ್ಕೂಲ್‌ನಲ್ಲಿ ಕಲಿತವಳು, ಇಂಥದ್ದೆಲ್ಲ ಮರೆಯುವುದಿಲ್ಲ. ಲಂಗರದ ಹಿಂದೆ ಇರುವ ಕೆಂಪು ಶಿಲುಬೆ ಮಾತ್ರ ಆಮೇಲೆ ಸೇರಿದ್ದು, 1926ರಲ್ಲಿ, ಬಾಯ್ಸ್ ಲೈಫ್ ಬ್ರಿಗೇಡ್ ಎಂಬ ಇನ್ನೊಂದು ಸಂಸ್ಥೆ ಇದರಲ್ಲಿ ಬೆರೆತಾಗ. ಆ ಇನ್ನೊಂದರವರಿಗೆ ಸೈನ್ಯದ ಡ್ರಿಲ್ ಇಷ್ಟ ಇರಲಿಲ್ಲ. ನೀರಿಗೆ ಬಿದ್ದವರನ್ನು, ಬೆಂಕಿಗೆ ಸಿಕ್ಕವರನ್ನು ಹೇಗೆ ಉಳಿಸೋದು ಅಂತ ಕಲಿಸುತ್ತಿದ್ದರು. ನರ್ಸ್ ಆಗಿ ನನ್ನ ಓಟು ಅವರಿಗೇ.

ಬ್ಯಾಡ್ಜುಗಳಲ್ಲಿ ತುದಿಯದು ಕಿಂಗ್ಸ್ ಬ್ಯಾಡ್ಜ್. 1913ರಲ್ಲಿ ಐದನೇ ಜಾರ್ಜ್ ಕಾಲದಲ್ಲಿ ಬಂದದ್ದು, ರಾಣಿ ಇದ್ದಷ್ಟು ದಿನ ಕ್ವೀನ್ಸ್ ಬ್ಯಾಡ್ಜ್ ಆಗಿತ್ತು, ಈಗ ಮತ್ತೆ ಕಿಂಗ್ಸ್. ಈ ಸಲ ಒಬ್ಬ ದೊಡ್ಡ ಹುಡುಗನಿಗೆ ಸಿಕ್ಕಿತು. ಅವನ ಅಪ್ಪ ಮಗನ ಎಲ್ಲ ಬ್ಯಾಡ್ಜುಗಳ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಕೇಳದೆಯೇ ತೋರಿಸಿದರು. ಸಿಇಟಿ ರ‍್ಯಾಂಕ್ ಹೇಳುವ ಅಪ್ಪಂದಿರು ಎಲ್ಲ ದೇಶದಲ್ಲೂ ಇದ್ದಾರೆ ಅಂತ ಸಮಾಧಾನ ಆಯಿತು. ಹುಡುಗ ಮಾತ್ರ ಒಳ್ಳೆಯವನು. ಕುರ್ಚಿ ಜೋಡಿಸೋಕೆ ನಿಂತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. "ಅವನು ಬಂದ" ಅನ್ನೋದು ಎಷ್ಟು ಚೆಂದದ ಮಾತು ಅಂತ ಖುಷಿಪಟ್ಟು ಮಲಗುತ್ತಿದ್ದೆ. ಚಹಾ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ತಾಯಿ ನಿಂತಿದ್ದರು. ನನ್ನ ಮಗನ ತಂಡದಲ್ಲೇ ಅವರ ಮಗ. ಕುದುರೆ ಮೇಲಿಂದ ಎಲ್ಲರಿಗಿಂತ ಚೆನ್ನಾಗಿ ಹಾರಿದವನು, ತೋಳಿನ ಪಟ್ಟಿ ತುಂಬ ಬ್ಯಾಡ್ಜು. ನಾನು ಅದನ್ನೇ ಹೇಳಿ ಹೊಗಳಿದೆ. ಅವರು ಅಂದರು, "ಅವನಿಗೆ ಬೇಕಾಗಿದ್ದದ್ದು ನಿಮ್ಮ ಮಗನಿಗೆ ಸಿಕ್ಕಿದ್ದು."

ಆ ಹುಡುಗನ ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಒಂದು ವಾರ ಬಿಟ್ಟು ಒಂದು ವಾರ, ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಹುಡುಗ ಅಪ್ಪನ ಊರಿಗೆ ಹೋಗಬೇಕು. ಅಲ್ಲೂ ಒಂದು ಕಂಪನಿ ಇದೆ. ಅಲ್ಲಿ ಹೋದ ಶುಕ್ರವಾರವನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ ಅಂತ ಕ್ಯಾಪ್ಟನ್ ಹೇಳಿದ್ದಾರಂತೆ. ಆದರೆ ಕರೆದುಕೊಂಡು ಹೋಗೋಕೆ ಆ ಅಪ್ಪನಿಗೆ ಪುರುಸೊತ್ತಿಲ್ಲ. ಹೀಗೆ ಅರ್ಧ ಹಾಜರಿ ಖಾಲಿ. ಆ ತಾಯಿ ಇದನ್ನು ಅಳುತ್ತಾ ಹೇಳಲಿಲ್ಲ. ಕೇಕಿನ ತುಂಡು ಆರಿಸುತ್ತಾ ಹೇಳಿದರು. ನನಗೆ ಆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೋಡಿಲ್ಲ, ಮಾತಾಡಿಲ್ಲ, ಅವರ ಕಡೆಯ ಮಾತು ಗೊತ್ತಿಲ್ಲ. ಆದರೂ ಇಳಿದಿಲ್ಲ.

ಈಗ ಹೇಳಿ, ಬಂದದ್ದು ಯಾರು? ನನ್ನ ಮಗ ತಾನಾಗಿ ಬಂದನಾ? ಸಂಜೆ ಏಳಕ್ಕೆ ಅವನನ್ನು ಆ ಬಾಗಿಲಲ್ಲಿ ಬಿಡಬೇಕು. ಗಂಡ ಎಡಿನ್‌ಬರ್ಗ್‌ನಿಂದ ರೈಲಿನಲ್ಲಿ ಬರುವುದೇ ಎಂಟಕ್ಕೆ. ಹಾಗಾಗಿ ಶುಕ್ರವಾರದ ಲೇಟ್ ಶಿಫ್ಟ್ ಬಂದಾಗಲೆಲ್ಲ ನಾನು ಯಾರ ಜೊತೆಗಾದರೂ ಅದಲುಬದಲು ಮಾಡಿಕೊಂಡಿದ್ದೇನೆ. ಶುಕ್ರವಾರ ಬಿಟ್ಟುಕೊಡುವವರು ಯಾರೂ ಪುಕ್ಕಟೆ ಬಿಡುವುದಿಲ್ಲ. ಬದಲಿಗೆ ಭಾನುವಾರ ಕೇಳುತ್ತಾರೆ. ಹೀಗೆ ಮಗನನ್ನು ಚರ್ಚಿನ ಹುಡುಗರ ಗುಂಪಿಗೆ ತಪ್ಪದೆ ಕಳಿಸೋಕೆ ಹೋಗಿ ನಾನೇ ಚರ್ಚಿಗೆ ಹೋಗುವುದು ಕಡಿಮೆಯಾಗಿದೆ. ಇದನ್ನು ಅವ್ವನಿಗೆ ಹೇಳಿಲ್ಲ. ಇದನ್ನು ಓದಿದ ಧಾರವಾಡದ ನೆಂಟರೂ ದಯವಿಟ್ಟು ಹೇಳಬೇಡಿ.

ಅಂದರೆ ಆ ಬಹುಮಾನದಲ್ಲಿ ನನ್ನ ರೋಟಾ, ಅಂದರೆ ಡ್ಯೂಟಿ ಪಟ್ಟಿ ಇದೆ, ನಮ್ಮ ಕಾರು ಇದೆ, ಶುಕ್ರವಾರ ಬಿಟ್ಟುಕೊಟ್ಟ ಕೇರಳದ ಗೆಳತಿ ಇದ್ದಾಳೆ, ಹುಡುಗನಿಗೆ ಈ ವರ್ಷ ಜ್ವರ ಬಂದದ್ದು ಬರೀ ಸೋಮವಾರ ಮಂಗಳವಾರ ಅನ್ನುವ ಅದೃಷ್ಟ ಇದೆ. ಆ ಇನ್ನೊಬ್ಬ ಹುಡುಗ ಹಾರಿದ್ದು ಅವನದೇ ಕಾಲಿನಿಂದ. ಗೆದ್ದವರಿಗೆ ಕೊಡುವುದು ಅನ್ಯಾಯ, ಬಂದವರಿಗೆ ಕೊಡುವುದು ಎಲ್ಲರಿಗೂ ಸಮ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಮ್ಮಲ್ಲಿ ಹೊಲದ ಕೆಲಸದ ತಿಂಗಳಲ್ಲಿ ಶಾಲೆಗೆ ಬಾರದ ಮಕ್ಕಳನ್ನು ಎದ್ದು ನಿಲ್ಲಿಸಿ ಬೈಯುತ್ತಿದ್ದರು. ಆ ಮಕ್ಕಳೇನು ಆಟಕ್ಕೆ ಹೋಗಿದ್ದರಾ? ಪಕ್ಕದಲ್ಲೇ ಕೂತು, ಬಿಳಿ ಸಾಕ್ಸ್ ಹಾಕಿಕೊಂಡು, ನಾನು ದಿನಾ ಬಂದಿದ್ದೇನೆ ಅಂತ ಬೀಗುತ್ತಿದ್ದವರಲ್ಲಿ ನಾನೂ ಒಬ್ಬಳು. ನನ್ನ ಅಪ್ಪ ಬ್ಯಾಂಕಿನಲ್ಲಿದ್ದರು, ನಮಗೆ ಹೊಲ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಮಾರನೇ ದಿನ ಕುರ್ಚಿ, ಚಾಪೆ ವಾಪಸ್ ಇಡೋಕೆ ಹೋದಾಗ ಕ್ಯಾಪ್ಟನ್‌ಗೆ ಇದನ್ನು ಹೇಳಿಯೇ ಬಿಟ್ಟೆ. ಆ ಹುಡುಗನ ಲೆಕ್ಕವನ್ನು ಬೇರೆ ರೀತಿ ಮಾಡೋಕೆ ಬರಲ್ವಾ? ಬರಬಹುದಾದ ಶುಕ್ರವಾರಗಳಲ್ಲಿ ಎಷ್ಟು ಬಂದ ಅಂತ? ಅವರು ಒಪ್ಪಲಿಲ್ಲ. ಮೊಂಡು ಮನುಷ್ಯ. "ನೆಪಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಾನು ತೂಗಲಾರೆ. ಬಾಗಿಲಿಂದ ಒಳಗೆ ಬಂದವರನ್ನು ಎಣಿಸಬಲ್ಲೆ, ಅಷ್ಟೇ" ಅಂದರು. ತಪ್ಪು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ತಾಯಂದಿರೆಲ್ಲ ಸಾಲಾಗಿ ನಿಂತು ಕಾರಣ ಹೇಳುವ ದೃಶ್ಯ ಕಲ್ಪಿಸಿಕೊಂಡರೆ ಅವರ ಸಂಕಟವೂ ತಿಳಿಯುತ್ತದೆ. ನಾನೇ ಮೊದಲ ಸಾಲಿನಲ್ಲಿ ಇರುತ್ತಿದ್ದೆ.

ಆಮೇಲೆ ಅವರು ಮಾತು ಬೇರೆ ಕಡೆ ತಿರುಗಿಸಿದರು. ಸೆಪ್ಟೆಂಬರ್‌ನಲ್ಲಿ ಹೊಸ ಸೆಷನ್. ಪ್ರಥಮ ಚಿಕಿತ್ಸೆಯ ಬ್ಯಾಡ್ಜಿಗೆ ಪಾಠ ಮಾಡುತ್ತಿದ್ದವರು ಊರು ಬಿಡುತ್ತಿದ್ದಾರೆ. "ನೀವು ನರ್ಸ್ ಅಲ್ವಾ?"

ಈ ಮನುಷ್ಯ ಬೇಕಂತಲೇ ಮಾಡಿದ್ದು ಅಂತ ಗೊತ್ತಿದ್ದೂ ನಾನು ಸಿಕ್ಕಿಬಿದ್ದೆ. ಬ್ಯಾಂಡೇಜ್ ಕಟ್ಟೋಕೆ, ಸಿಪಿಆರ್ ಮಾಡೋಕೆ ಬಂದರೆ ಬ್ಯಾಡ್ಜು. ನನ್ನ ಪಾಠವನ್ನು ಒಂದು ವಾರ ಬಿಟ್ಟು ಒಂದು ವಾರ ಇಟ್ಟುಕೊಳ್ಳಬಹುದಾ ಅಂತ ಕೇಳಿದೆ. ಯಾವ ವಾರ ಅಂತ ಆ ತಾಯಿಯನ್ನು ಕೇಳಿಕೊಂಡು ಹೇಳ್ತೀನಿ ಅಂದೆ. ಕ್ಯಾಪ್ಟನ್ ಅದಕ್ಕೆ ಹೂಂ ಅಂದರು. ಹುಡುಗರು ಏಳಕ್ಕೆ ಬರುತ್ತಾರೆ, ಕಲಿಸುವವರು ಆರೂವರೆಗೆ ಬರಬೇಕು ಅಂತಲೂ ಸೇರಿಸಿದರು.

ಮನೆಗೆ ಬಂದು ಹೇಳಿದರೆ ಅವ್ವನ ಮೊದಲ ಪ್ರಶ್ನೆ, "ರೊಕ್ಕ ಎಷ್ಟ ಕೊಡ್ತಾರ?" ಏನೂ ಇಲ್ಲ ಅಂದೆ. ಮಕ್ಕಳ ಜೊತೆ ಕೆಲಸ ಮಾಡೋಕೆ ಇಲ್ಲಿ ಪಿವಿಜಿ ಅಂತ ಒಂದು ತಪಾಸಣೆ ಆಗಬೇಕು. ಅದರ ಫಾರ್ಮ್ ತುಂಬುತ್ತಾ ಕೂತಿದ್ದೇನೆ. ಸೆಪ್ಟೆಂಬರ್ ರೋಟಾ ಇನ್ನೂ ಬಂದಿಲ್ಲ.