ಜಗಲಿಯಲ್ಲಿ ಕೂತು ಟಾಮ್ ಅಂಡ್ ಜೆರ್ರಿ ಕೇಳಿದ ದೊಡ್ಡಪ್ಪ

ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಗೆ ಹೋಗಿದ್ದೆವು. ಮಳೆ ಹಿಡಿದು ಕೂತಿತ್ತು. ಅಂಗಳಕ್ಕೆ ಇಳಿಯುವ ಹಾಗಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಅಕ್ಕನ ಮಕ್ಕಳಿಬ್ಬರಿಗೂ ಮಧ್ಯಾಹ್ನದ ಹೊತ್ತಿಗೆ ಬೇಜಾರು ಹತ್ತಿತು. ನನ್ನ ಪೆನ್‌ಡ್ರೈವ್‌ನಲ್ಲಿ ಹಳೆಯ ಕಾರ್ಟೂನ್‌ಗಳಿದ್ದವು. ನಡುಮನೆಯ ಟಿವಿಗೆ ಸಿಕ್ಕಿಸಿದೆ.

ಮೊದಲು ಹಾಕಿದ್ದು ಟಾಮ್ ಅಂಡ್ ಜೆರ್ರಿಯ 'ದಿ ಕ್ಯಾಟ್ ಕನ್ಸರ್ಟೊ'. 1947ರಲ್ಲಿ ಆಸ್ಕರ್ ಪಡೆದ ಚಿತ್ರ ಅದು. ಕರಿ ಕೋಟು ಹಾಕಿಕೊಂಡ ಬೆಕ್ಕು ಟಾಮ್ ಗಂಭೀರವಾಗಿ ವೇದಿಕೆಗೆ ಬಂದು ಪಿಯಾನೋ ಮುಂದೆ ಕೂರುತ್ತಾನೆ. ಇಲಿ ಜೆರ್ರಿ ಅದೇ ಪಿಯಾನೋದೊಳಗೆ ಮಲಗಿರುತ್ತಾನೆ. ಟಾಮ್ ಕೀಲಿ ಒತ್ತಿದಾಗ ಒಳಗಿನ ಸುತ್ತಿಗೆಗಳು ಏಳುತ್ತವೆ, ಜೊತೆಗೆ ಜೆರ್ರಿಯೂ ಎದ್ದು ಬೀಳುತ್ತಾನೆ. ಅಲ್ಲಿಂದ ಜಗಳ ಶುರು. ಮಾತು ಒಂದೂ ಇಲ್ಲ. ಎಷ್ಟೇ ಪೆಟ್ಟು ಬಿದ್ದರೂ ಟಾಮ್ ಕಛೇರಿ ನಿಲ್ಲಿಸುವುದಿಲ್ಲ.

ನಮ್ಮ ಅಜ್ಜಿ ಗೋಡೆಗೆ ಒರಗಿ ಹೂಬತ್ತಿ ಮಾಡುತ್ತಿದ್ದರು. ಅವರಿಗೆ ಕಿವಿ ತೀರಾ ಮಂದ. ಟಿವಿ ಕಡೆ ಅವರು ತಿರುಗುವುದೇ ಕಡಿಮೆ. ಅವತ್ತು ಕೈಯಲ್ಲಿದ್ದ ಹತ್ತಿ ಹಾಗೇ ಉಳಿಯಿತು. ಜೆರ್ರಿ ಪಿಯಾನೋ ಕೀಲಿಗಳ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಟಾಮ್‌ನ ಬೆರಳು ಅದರ ಆಚೆ ಈಚೆ ಓಡಾಡುತ್ತದೆ, ಬೋನಿನ ಮೇಲೆ ಮಾತ್ರ ಬೀಳುವುದಿಲ್ಲ. ಅಜ್ಜಿ ಆ ಬೆರಳನ್ನೇ ನೋಡುತ್ತ, "ಈಗ ಸಿಕ್ತು, ಈಗ ಸಿಕ್ತು" ಅಂತ ನಗಲು ಶುರು ಮಾಡಿದರು. ಬೆರಳು ಸಿಕ್ಕಿಕೊಂಡಾಗ ನಗು ಹೋಗಿ "ಅಯ್ಯೋ ಪಾಪ" ಆಯಿತು. ಮಕ್ಕಳು ನಕ್ಕಿದ್ದೂ ಅದೇ ಜಾಗದಲ್ಲಿ.

ನನಗೆ ಆಶ್ಚರ್ಯ ಕಾದಿದ್ದು ಜಗಲಿಯಲ್ಲಿ. ದೊಡ್ಡಪ್ಪ ತಾಳಮದ್ದಳೆಗೆ ಮದ್ದಳೆ ಬಾರಿಸುವವರು. ಮಲೆನಾಡಿನಲ್ಲಿ ಮಳೆಗಾಲ ಅಂದರೆ ತಾಳಮದ್ದಳೆಯ ಕಾಲ. ಮದ್ದಳೆಯ ಚರ್ಮ ಥಂಡಿಗೆ ಸಡಿಲ ಬೀಳುತ್ತದೆ, ಅದನ್ನು ಬಿಗಿ ಮಾಡುತ್ತ ಕೂತಿದ್ದರು. ಅಲ್ಲಿಂದ ಟಿವಿ ಕಾಣುವುದಿಲ್ಲ, ನಡುವೆ ಗೋಡೆ. "ಯಾರೋ ಜಾರಿ ಬಿದ್ರಲ್ಲ?" ಅಂತ ಕೂಗಿದರು. ನಿಜಕ್ಕೂ ಬಿದ್ದಿದ್ದರು. ಇನ್ನೊಂದು ಸಲ "ಈಗ ಯಾರೋ ಕಳ್ಳಹೆಜ್ಜೆ ಹಾಕ್ತಾ ಇದ್ದಾರೆ" ಅಂದರು. ಅದೂ ಸರಿ. ಚಿತ್ರದ ಕೊನೆಗೆ ಟಾಮ್ ಸುಸ್ತಾಗಿ, ಮುಗಿಯಿತು ಅಂತ ಉಸಿರು ಬಿಡುವಾಗ ಜೆರ್ರಿ ಮತ್ತೆ ಬಾರಿಸಲು ಹಿಡಿಯುತ್ತಾನೆ. ಅದು ಶುರುವಾಗುವ ಮೊದಲೇ ಜಗಲಿಯಿಂದ ದನಿ ಬಂತು: "ಮುಗೀಲಿಲ್ಲ ಮಾರಾಯ್ತಿ, ಇನ್ನೂ ಇದೆ. ಇದು ಸುಳ್ಳು ಮುಕ್ತಾಯ."

ಕಿವಿ ಕೇಳದವರಿಗೆ ಬರೀ ಕಣ್ಣಿನಲ್ಲೇ ಕಥೆ ಪೂರ್ತಿ ಸಿಕ್ಕಿತ್ತು. ಪರದೆ ಕಾಣದವರಿಗೆ ಬರೀ ಕಿವಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತ್ತು. ಈ ಚಿತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಇಷ್ಟು ಸ್ಪಷ್ಟವಾಗಿ ಅವತ್ತೇ ಕಂಡಿದ್ದು.

ಇದು ಸುಮ್ನೆ ಆಗಿದ್ದಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಹಾಲಿವುಡ್ಡಿನ ಎಂಜಿಎಂ ಸಿನಿಮಾ ಕಂಪನಿಗೆ ಟಾಮ್ ಅಂಡ್ ಜೆರ್ರಿಯ 114 ಕಿರುಚಿತ್ರ ಮಾಡಿಕೊಟ್ಟರು, ಅವು 1940ರಿಂದ 1958ರವರೆಗೆ ತೆರೆಗೆ ಬಂದವು. ಬಾರ್ಬೆರಾ ಚಿತ್ರ ಬರೆದು ತಮಾಷೆ ಹುಟ್ಟಿಸುವವರು, ಹ್ಯಾನಾ ಕಾಲ ಅಳೆಯುವವರು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಯಾವ ಹೆಜ್ಜೆ ಎಷ್ಟು ಫ್ರೇಮ್, ಎಲ್ಲಿ ನಿಲ್ಲಬೇಕು, ಪೆಟ್ಟು ಯಾವ ಫ್ರೇಮಿನಲ್ಲಿ ಬೀಳಬೇಕು, ಎಲ್ಲವೂ ಮೊದಲೇ ಹಾಳೆಯ ಮೇಲೆ ಲೆಕ್ಕವಾಗಿರುತ್ತಿತ್ತು. 12 ಫ್ರೇಮಿಗೆ ಒಂದು ತಾಳ ಅಂದರೆ ಸೆಕೆಂಡಿಗೆ ಎರಡು ಪೆಟ್ಟು. ಅದೇ ಲೆಕ್ಕ ಹಿಡಿದು ಸ್ಕಾಟ್ ಬ್ರಾಡ್ಲಿ ವಾದ್ಯಮೇಳಕ್ಕೆ ಸಂಗೀತ ಬರೆಯುತ್ತಿದ್ದರು. 'ದಿ ಕ್ಯಾಟ್ ಕನ್ಸರ್ಟೊ'ದಲ್ಲಿ ಸಂಗೀತವೇ ಮುಂದೆ, ಚಿತ್ರ ಅದರ ಹಿಂದೆ. ಸಂಗೀತಗಾರ ಫ್ರಾಂಜ್ ಲಿಸ್ಟ್ ಪಿಯಾನೋಗೆ ಬರೆದ 'ಹಂಗೇರಿಯನ್ ರಾಪ್ಸೊಡಿ' ಎರಡನೆಯದಕ್ಕೆ ಸರಿಯಾಗಿ ಬೆಕ್ಕಿನ ಬೆರಳು ಓಡಬೇಕಿತ್ತು. ಸ್ವರ ಮೇಲೇರಿದರೆ ಕೈ ಬಲಕ್ಕೆ, ಇಳಿದರೆ ಎಡಕ್ಕೆ. ಏಳು ನಿಮಿಷದ ಚಿತ್ರಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಫ್ರೇಮ್ ಬೇಕು. ಸಾವಿರಾರು ಚಿತ್ರಗಳನ್ನು ಕೈಯಲ್ಲೇ ಬರೆದರು. ಟಾಮ್‌ನ ಆ ಪ್ರಸಿದ್ಧ ಕಿರುಚಾಟ ಕೂಡ ಸ್ವತಃ ಹ್ಯಾನಾ ಅವರ ಗಂಟಲಿನದು. ಇದನ್ನು ಹೇಳಿದಾಗ ಚಿಕ್ಕವಳು ನಂಬಲಿಲ್ಲ, ಮತ್ತೆ ಮತ್ತೆ ಹಾಕಿಸಿ ಕೇಳಿದಳು.

ಆಮೇಲೆ ಚಕ್ ಜೋನ್ಸ್ 1949ರಲ್ಲಿ ಮಾಡಿದ ಮೊದಲ ರೋಡ್ ರನ್ನರ್ ಚಿತ್ರ ಹಾಕಿದೆ. ಕಯೋಟಿ ಅನ್ನುವ ಬಡಕಲು ತೋಳದಂಥ ಪ್ರಾಣಿ ಮರುಭೂಮಿಯಲ್ಲಿ ರೋಡ್ ರನ್ನರ್ ಅನ್ನುವ ಓಡುವ ಹಕ್ಕಿಯನ್ನು ಹಿಡಿಯಲು ಏನೇನೋ ಯಂತ್ರ ಹೂಡುತ್ತದೆ, ಪ್ರತಿ ಸಲ ತಾನೇ ಪೆಟ್ಟು ತಿನ್ನುತ್ತದೆ. ಅಜ್ಜಿ ಪೂರ್ತಿ ಕಯೋಟಿ ಪಕ್ಷ. "ಒಂದ್ಸಲನಾದ್ರೂ ಸಿಗಬಾರ್ದಾ ಅದಕ್ಕೆ?" ಅಂತ ನನ್ನನ್ನೇ ಕೇಳಿದರು. ಈ ಕಾರ್ಟೂನ್‌ಗಳ ಜೀವ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಟಾಮ್ ಆಗಲಿ ಕಯೋಟಿ ಆಗಲಿ ಕೇಡಿಗರಲ್ಲ. ಮನಸ್ಸಿಟ್ಟು ಕೆಲಸ ಮಾಡುತ್ತಾರೆ, ಸೋಲುತ್ತಾರೆ, ಮತ್ತೆ ಎದ್ದು ಹೊಸ ಉಪಾಯ ಹೂಡುತ್ತಾರೆ. ಬರೀ ಹೊಡೆದಾಟ ಆಗಿದ್ದರೆ ಎರಡು ನಿಮಿಷಕ್ಕೆ ಸಾಕಾಗುತ್ತಿತ್ತು, ಅಲ್ವಾ?

ಸಂಜೆ ಹೊತ್ತಿಗೆ 'ದಿ ಫ್ಲಿಂಟ್‌ಸ್ಟೋನ್ಸ್' ಹಾಕಿ ನೋಡಿದೆ. 1960ರಲ್ಲಿ ಶುರುವಾದ ಇದನ್ನು ಮಾಡಿದವರೂ ಅದೇ ಹ್ಯಾನಾ ಮತ್ತು ಬಾರ್ಬೆರಾ. ಎಂಜಿಎಂ 1957ರಲ್ಲಿ ಕಾರ್ಟೂನ್ ವಿಭಾಗ ಮುಚ್ಚಿದ ಮೇಲೆ ಅವರಿಬ್ಬರೂ ಟಿವಿಗೆ ಹೋದರು. ಟಿವಿಯಲ್ಲಿ ದುಡ್ಡು ಕಡಿಮೆ, ಸಮಯ ಕಡಿಮೆ. ಹಾಗಾಗಿ ಚಿತ್ರ ಕಡಿಮೆ, ಮಾತು ಜಾಸ್ತಿ. ಮೈ ನಿಂತಲ್ಲೇ ನಿಲ್ಲುತ್ತದೆ, ಬಾಯಿ ಮಾತ್ರ ಆಡುತ್ತದೆ. ಅಜ್ಜಿ ಹೂಬತ್ತಿಗೆ ವಾಪಸ್ಸಾದರು. ಜಗಲಿಯಿಂದ "ಎಂಥ ಅದು, ಬರೀ ಮಾತು?" ಅಂತ ಬಂತು. ನನಗೆ ಆ ಸರಣಿ ಇಷ್ಟವೇ, ಅದರ ಮಾತಿನಲ್ಲಿ ಮಜಾ ಇದೆ. ಆದರೆ ಇಂಗ್ಲಿಷ್ ಬಂದರೆ ಮಾತ್ರ ಆ ಮಜಾ. ಸಿನಿಮಾ ಮಂದಿರದಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ತೋರಿಸಲು ಮಾಡಿದ ಆ ಹಳೆಯ ಏಳು ನಿಮಿಷಗಳಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಅವು ಮಕ್ಕಳಿಗೆ ಅಂತಲೇ ಮಾಡಿದವೂ ಅಲ್ಲ. ಮಂದಿರದಲ್ಲಿ ಕೂತ ದೊಡ್ಡವರೂ ನಗಬೇಕಿತ್ತು.

ಒಂದು ಮಾತು ಹೇಳಲೇಬೇಕು. ಟಾಮ್ ಅಂಡ್ ಜೆರ್ರಿಯ ಕೆಲವು ಚಿತ್ರಗಳಲ್ಲಿ ಕಪ್ಪು ಜನರನ್ನು ಅವಮಾನಿಸುವ ಹಾಗೆ ತೋರಿಸಿದ್ದಾರೆ. ಮನೆಗೆಲಸದ ಹೆಂಗಸಿನ ಪಾತ್ರ ಅದರಲ್ಲೊಂದು. ಅಂಥವನ್ನು ನಾನು ಹಾಕಲಿಲ್ಲ. ದೊಡ್ಡ ಹುಡುಗ ಕೇಳಿದ, ಯಾಕೆ ಅಂತ ಹೇಳಿದೆ. ಆಗಿನ ಅಮೆರಿಕದಲ್ಲಿ ಅದಕ್ಕೂ ಜನ ನಗುತ್ತಿದ್ದರು ಅಂದರೆ ಅವನಿಗೆ ಸಿಟ್ಟು ಬಂತು. ಬರಬೇಕಾದ್ದೇ.

ರಾತ್ರಿ ಊಟ ಆದ ಮೇಲೆ ದೊಡ್ಡಪ್ಪ ಒಳಗೆ ಬಂದು ಕೂತರು. "ಆ ಬೆಕ್ಕು ಬಾರಿಸಿದ್ದು ಪೂರ್ತಿ ಇದ್ಯಾ?" ಅಂತ ಕೇಳಿದರು. ಒಬ್ಬ ಪಿಯಾನೋ ಕಲಾವಿದ ನುಡಿಸಿದ್ದು ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಹಾಕಿದೆ. ಲಿಸ್ಟ್ ಇದನ್ನು ಬರೆದಿದ್ದು 1847ರಲ್ಲಿ, ಕಾರ್ಟೂನಿಗೂ ನೂರು ವರ್ಷ ಮೊದಲು ಅಂದೆ. ದೊಡ್ಡಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ನಿಧಾನದ ಭಾಗ ಅವರಿಗೆ ಬಹಳ ಹಿಡಿಸಿತು, ಅದನ್ನು ಕಾರ್ಟೂನಿನಲ್ಲಿ ಮೊಟಕು ಮಾಡಿದ್ದಾರೆ ಅಂತ ತಾವೇ ಕಂಡುಹಿಡಿದರು. ವೇಗದ ಭಾಗ ಬಂದಾಗ ಚಿಕ್ಕವಳು ಅವರ ಪಕ್ಕ ಬಂದು ಕೂತಳು. "ಅಜ್ಜ, ಈಗ ಇಲಿ ಬಿತ್ತು" ಅಂದಳು. "ಇಲ್ಲ, ಅದು ಇನ್ನೂ ಮುಂದೆ" ಅಂದರು ದೊಡ್ಡಪ್ಪ. ಇಬ್ಬರಿಗೂ ವಾದ ಹತ್ತಿತು. ಯಾರು ಸರಿ ಅಂತ ನೋಡಲು ಟಿವಿ ಮತ್ತೆ ಹಚ್ಚಬೇಕಾಯಿತು. ಈ ಸಲ ದೊಡ್ಡಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದರು.