ಲಡ್‌ಗೇಟ್ ಹಿಲ್‌ನ ಏರು, ಅರಮನೆಯ ಮುಂದಿನ ಟಾಂಗಾ

ಮೈಸೂರು
ಭಾನುವಾರ, 12 ಅಕ್ಟೋಬರ್ 2025

ಇಂಗ್ಲಿಷ್ ಲೇಖಕಿ ಅನಾ ಸೆವೆಲ್ ಬರೆದ, ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳುವ ‘ಬ್ಲ್ಯಾಕ್ ಬ್ಯೂಟಿ’ಯನ್ನು ಅಂಗಡಿಗಳಲ್ಲಿ ಮಕ್ಕಳ ಪುಸ್ತಕಗಳ ಸಾಲಿನಲ್ಲಿಯೇ ಇಡುತ್ತಾರೆ. ಸಂಕ್ಷಿಪ್ತಗೊಳಿಸದ ಇಡೀ ಪುಸ್ತಕವನ್ನು ಈ ವಾರ ಓದಿ ಮುಗಿಸಿದೆ. ಅದನ್ನು ಕಾರ್ಮಿಕ ಕಾನೂನಿನ ಕಪಾಟಿಗೆ ಸಾಗಿಸಬೇಕು ಅನ್ನಿಸುತ್ತಿದೆ. ಸೆವೆಲ್ ಹದಿನಾಲ್ಕನೆಯ ವಯಸ್ಸಿನಲ್ಲಿ ಜಾರಿ ಬಿದ್ದು ಕಾಲು ಕೆಟ್ಟು, ಮುಂದೆ ಎಲ್ಲಿಗೆ ಹೋಗಬೇಕಾದರೂ ಕುದುರೆ ಗಾಡಿಯನ್ನೇ ನೆಚ್ಚಿಕೊಂಡಿದ್ದವರು. ಕಾಯಿಲೆಯಿಂದ ಮಲಗಿದ್ದಾಗ ಬರೆದ ಈ ಒಂದೇ ಕಾದಂಬರಿ 1877ರಲ್ಲಿ ಅಚ್ಚಾಯಿತು, ಮರುವರ್ಷ ಅವರು ತೀರಿಕೊಂಡರು. ಬರೆದದ್ದು ಮಕ್ಕಳಿಗಲ್ಲ, ಕುದುರೆಗಳ ಜೊತೆ ದುಡಿಯುವವರಿಗೆ.

ಜಿಂಜರ್ ಎಂಬ ಕೆಂಗಂದು ಹೆಣ್ಣು ಕುದುರೆಯ ಸಾವಿಗೆ ಎಲ್ಲರೂ ಅಳುತ್ತಾರೆ, ನಾನೂ ಅತ್ತೆ. ಸಿರಿವಂತರ ಮನೆಯಲ್ಲಿ ತಲೆ ತಗ್ಗಿಸಲಾಗದಂತೆ ಕತ್ತನ್ನು ಹಿಂದಕ್ಕೆ ಸೆಳೆದು ಕಟ್ಟುವ ಪಟ್ಟಿಯನ್ನು ಒದ್ದು ಪ್ರತಿಭಟಿಸಿದ ಸ್ವಾಭಿಮಾನಿ ಅದು. ಕೊನೆಗೆ ಲಂಡನ್ನಿನ ಬಾಡಿಗೆ ಗಾಡಿಗೆ ಬಿದ್ದು ಸವೆದುಹೋಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುದುರೆಯಲ್ಲ, ಸ್ಯಾಮ್ ಎಂಬ ಗಾಡಿಯವನು. ಅವನ ಗಾಡಿಯೂ ಕುದುರೆಯೂ ಸ್ಕಿನ್ನರ್ ಎಂಬ ಮಾಲೀಕನವು. ದಿನದ ಬಾಡಿಗೆಯನ್ನು ಅವನಿಗೆ ಸಲ್ಲಿಸಿದ ಮೇಲೆ ಉಳಿದದ್ದಷ್ಟೇ ಸ್ಯಾಮನ ಮನೆಗೆ. ದಣಿದ ಪ್ರಾಣಿಗೆ ಚಾಟಿ ಬೀಸುತ್ತೇನೆ, ಹೆಂಡತಿ ಮಕ್ಕಳನ್ನು ಬಿಟ್ಟು ಕುದುರೆಯನ್ನು ನೋಡಲಾರೆ, ಅದನ್ನು ನೋಡಬೇಕಾದವರು ಮಾಲೀಕರು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಸ್ವಲ್ಪ ದಿನಕ್ಕೆ ಅವನೂ ಸಾಯುತ್ತಾನೆ. ಪ್ರಾಣಿದಯೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಾಟಿ ಹಿಡಿದವನನ್ನು ಬೈದು ಸುಮ್ಮನಾಗುತ್ತಾರೆ. ಸೆವೆಲ್ ಚಾಟಿಯ ಹಿಂದಿನ ಲೆಕ್ಕದ ಪುಸ್ತಕವನ್ನು ತೆರೆದರು.

ಅದೇ ಸ್ಕಿನ್ನರನ ಕೈಗೆ ಕಥಾನಾಯಕನಾದ ಕುದುರೆ ಬ್ಲ್ಯಾಕ್ ಬ್ಯೂಟಿಯೂ ಸಿಗುತ್ತಾನೆ. ಒಂದು ಕುಟುಂಬ ಗಾಡಿಯ ಮೇಲೆ ಪೆಟ್ಟಿಗೆಗಳನ್ನು ಹೇರಿಸುತ್ತಿದ್ದಾಗ ಅವರ ಪುಟ್ಟ ಮಗಳು ಇನ್ನೊಂದು ಗಾಡಿ ಮಾಡೋಣ ಎಂದು ತಂದೆಯನ್ನು ಬೇಡಿಕೊಳ್ಳುತ್ತಾಳೆ. ತಂದೆ ಕೇಳುವುದಿಲ್ಲ. ಲಂಡನ್ನಿನ ಲಡ್‌ಗೇಟ್ ಹಿಲ್ ಎಂಬ ಏರುದಾರಿ ಹತ್ತುವಾಗ ಕುದುರೆ ಕುಸಿಯುತ್ತದೆ. ಓದುತ್ತಿದ್ದಂತೆ ಡಿ.ವಿ.ಜಿ.ಯವರ ಜಟಕಾ ಬಂಡಿ ನೆನಪಾಯಿತು. ವಿಧಿ ಅಲ್ಲಿ ಸಾಹೇಬ, ಕುದುರೆ ನಾವು. ‘ಪದ ಕುಸಿಯೆ ನೆಲವಿಹುದು’ ಎಂಬ ಸಮಾಧಾನ ಬೇರೆ. ಕಗ್ಗದ ಮೇಲೆ ನನಗೆ ಭಕ್ತಿ ಇದೆ. ಆದರೂ ಈ ಸಾಲನ್ನು ನಿಜವಾದ ಕುದುರೆಗೆ ಹೇಳಲು ಬಾಯಿ ಬಾರದು. ಅದರ ಪಾಲಿಗೆ ನೆಲವೆಂದರೆ ಒಡೆದ ಮೊಣಕಾಲು, ಇಳಿದುಹೋದ ಬೆಲೆ.

ಮುಂಬೈಯ ವಿಕ್ಟೋರಿಯಾ ಸಾರೋಟುಗಳನ್ನು ಅಲ್ಲಿನ ಹೈಕೋರ್ಟ್ 2015ರಲ್ಲಿ ಕಾನೂನುಬಾಹಿರ ಎಂದಿತು; 2021ರಲ್ಲಿ ವಿದ್ಯುತ್ ಸಾರೋಟುಗಳು ಬಂದವು. ಇರಲಿ, ಒಳ್ಳೆಯದೇ. ಮೈಸೂರಿನಲ್ಲಿ ಟಾಂಗಾ ಇನ್ನೂ ಇದೆ, ದಸರೆಯ ಜನ ಇನ್ನೂ ಪೂರ್ತಿ ಕರಗಿಲ್ಲ. ಈ ಸಂಜೆ ವಸ್ತುಪ್ರದರ್ಶನದ ಕಡೆ ಹೋದಾಗ ಒಬ್ಬ ಹಿರಿಯ ಗಾಡಿಯವರ ಹತ್ತಿರ ನಿಂತು ಮಾತನಾಡಿದೆ. ಬಾಯಿಚೀಲದಲ್ಲಿದ್ದ ಹುರುಳಿಯನ್ನು ಕುದುರೆ ಮೆಲ್ಲುತ್ತಿತ್ತು. ಕಾದಂಬರಿಯಲ್ಲಿ ಜೆರ್ರಿ ಬಾರ್ಕರ್ ಎಂಬ ಇನ್ನೊಬ್ಬ ಗಾಡಿಯವನು ಭಾನುವಾರ ಗಾಡಿ ಕಟ್ಟುವುದಿಲ್ಲ, ವಾರಕ್ಕೆ ಆರು ದಿನದ ಪರವಾನಗಿಯೇ ಸಾಕೆನ್ನುತ್ತಾನೆ. ಇವರಿಗೆ ಭಾನುವಾರವೇ ಸುಗ್ಗಿ.

ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ನಮ್ಮಲ್ಲಿ 1965ರ ಕೇಂದ್ರ ನಿಯಮಗಳಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ 5 ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡುವಂತಿಲ್ಲ. (ಮೈಸೂರಿನವರಿಗೆ ಇದು ದೊಡ್ಡ ಮಾತಲ್ಲ, ಮೇ ತಿಂಗಳ ಕಲಬುರಗಿಯಲ್ಲಿ ಇದನ್ನು ಪಾಲಿಸಿದರೆ ಗೊತ್ತಾಗುತ್ತದೆ.) ಗಾಡಿಯಲ್ಲಿ ಓಡಿಸುವವರನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರೇ ಕೂರಬೇಕು.

ನಾನು ನಿಂತಿದ್ದಾಗಲೇ ಪಕ್ಕದ ಟಾಂಗಾಕ್ಕೆ ಆರು ಜನ ದೊಡ್ಡವರು ಚೀಲಗಳ ಸಮೇತ ಹತ್ತಿದರು. ಇಳಿಯಿರಿ ಎನ್ನುವ ಪುಟ್ಟ ಮಗಳು ಅವರಲ್ಲಿ ಇರಲಿಲ್ಲ. “ನಾಲ್ಕೇ ಜನ ಎಂದು ನೀವು ಹೇಳುವುದಿಲ್ಲವೇ?” ಎಂದು ಹಿರಿಯರನ್ನು ಕೇಳಿದೆ.

“ನಾನು ಹೇಳುತ್ತೇನೆ ಅಮ್ಮ, ಗಾಡಿ ನನ್ನದು. ಅವರು ಬೈದುಕೊಂಡು ಹಿಂದಿನ ಗಾಡಿ ಹತ್ತುತ್ತಾರೆ. ಆ ಹುಡುಗ ದಿನದ ಬಾಡಿಗೆ ಕಟ್ಟಬೇಕು, ಅವನು ಹೇಗೆ ಬೇಡ ಎನ್ನುತ್ತಾನೆ?”

ನಾಳೆ ಪಾಲಿಕೆಗೆ ಒಂದು ಅರ್ಜಿ ಬರೆಯಬೇಕು. ಟಾಂಗಾ ನಿಲ್ದಾಣದಲ್ಲಿ ಈ ನಿಯಮಗಳ ಫಲಕ ಹಾಕಿಸಿ, ಅದರ ಮುಖ ಗಾಡಿಯವರ ಕಡೆಗಲ್ಲ, ಹತ್ತುವವರ ಕಡೆಗೆ ಇರಲಿ ಎಂದು.